ಕೈಗಾದ ಎರಡು ಲೆಕ್ಕಗಳು

ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಕನ್ನಡದಿಂದ ಸ್ಪರ್ಧಿಸಿ ಸೋತರು. ಕಾಸರಗೋಡೂ ಸೇರಿದ್ದ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಹಿರಿಯರವರು. ಅಂದಿನ ವಾದವೆಲ್ಲ ಕಾಡು, ವಿಕಿರಣ, ಜನರ ಸುರಕ್ಷತೆಯ ಸುತ್ತ ನಡೆದಿತ್ತು. 1994ರಲ್ಲಿ, ಕಟ್ಟುತ್ತಿದ್ದ ಸ್ಥಾವರದ ಒಳಗುಮ್ಮಟದ ಕಾಂಕ್ರೀಟು ಕುಸಿದಾಗ ಆ ಆತಂಕ ಪೊಳ್ಳಲ್ಲವೆಂದು ನಾಡಿಗೆ ತಿಳಿಯಿತು.

ಇಂಗಾಲದ ಲೆಕ್ಕ ಬಂದದ್ದು ತಡವಾಗಿ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2014ರ ವರದಿಯಂತೆ, ಗಣಿಯಿಂದ ಹಿಡಿದು ಎಲ್ಲವನ್ನೂ ಕೂಡಿಸಿದರೆ, ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲು ಸುಮಾರು 820 ಗ್ರಾಂ, ಅಣುಶಕ್ತಿ ಸುಮಾರು 12 ಗ್ರಾಂ ಇಂಗಾಲಾನಿಲವನ್ನು ಹೊರಬಿಡುತ್ತದೆ. ಕೈಗಾದ ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ ಎಡೆಬಿಡದೆ 962 ದಿನ ನಡೆದು ಸುಮಾರು 500 ಕೋಟಿ ಯೂನಿಟ್ ಕೊಟ್ಟಿತು. ಅಷ್ಟನ್ನೂ ಕಲ್ಲಿದ್ದಲಿನಿಂದ ಪಡೆದಿದ್ದರೆ ಸುಮಾರು 40 ಲಕ್ಷ ಟನ್ ಹೆಚ್ಚು ಹೊಗೆ ಬಾನಿಗೇರುತ್ತಿತ್ತೆಂದು ನಾನು ಲೆಕ್ಕ ಹಾಕಿದ್ದೇನೆ.

2024ರಲ್ಲಿ ನಮ್ಮ ಚೀಮೇನಿಯ ಹೆಸರೂ ಅಣುಸ್ಥಾವರದ ಚರ್ಚೆಯಲ್ಲಿ ಕೇಳಿಬಂತು. ಅಣುಶಕ್ತಿ ಇಂಗಾಲವನ್ನು ತಗ್ಗಿಸುತ್ತದೆಯೆ ಎಂದರೆ ಹೌದೆನ್ನುತ್ತೇನೆ. ಆದರೆ ಉರಿದುಳಿದ ಇಂಧನವನ್ನು ಸಾವಿರಾರು ವರ್ಷ ಕಾಯಬೇಕು. ಅದನ್ನು ಕಾಯುವವರಾರು, ನೆಲ ಬಿಟ್ಟುಕೊಡುವವರಾರು ಎಂಬ ಲೆಕ್ಕವನ್ನು ಮೊದಲನೆಯ ಲೆಕ್ಕ ಅಳಿಸಲಾರದು. ಎರಡನ್ನೂ ಎದುರಿಗಿಟ್ಟುಕೊಂಡೇ ನಾವು ಮಾತನಾಡಬೇಕು.