ಕಾರಿನ ದೋಷವೋ, ಚಾಲಕನ ದೋಷವೋ?

ಕಳೆದ ಮಳೆಗಾಲ ಮುಗಿದ ಮೇಲೆ ಕುಂದಾಪುರದಿಂದ ನನ್ನ ತಂಗಿಯ ಮಗ ಬಂದಿದ್ದನು. ಅವನ ಕಾರಿಗೆ ಆಗಿನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಬಾಗಿಲುಗಳ ಕೆಳ ಅಂಚಿನಲ್ಲಿ ಬಣ್ಣ ಉಬ್ಬಿ ತುಕ್ಕು ಕಾಣಿಸಿಕೊಂಡಿತ್ತು. ಅಡಿಯಲ್ಲಿ, ಹಿಂದಿನ ಚಕ್ರದ ಭಾರವನ್ನು ಹೊರುವ ಜಾಗದ ತಗಡು ಕೂಡ ತಿಂದುಹೋಗಿರುವುದನ್ನು ಗ್ಯಾರೇಜಿನವನು ಟಾರ್ಚು ಹಿಡಿದು ತೋರಿಸಿದ್ದನಂತೆ. ಕಾರು ಮಾರಿದವರ ಬಳಿ ಹೋದಾಗ ಅವನಿಗೆ ದೊರೆತ ಉತ್ತರ ಇಷ್ಟು: "ನೀವು ಕಡಲ ತೀರದವರು ಸಾರ್, ಉಪ್ಪು ಗಾಳಿಗೆ ತುಕ್ಕು ಹಿಡಿಯದೆ ಇರುತ್ತದೆಯೇ? ಆಗಾಗ ಅಡಿಭಾಗ ತೊಳೆಸಬೇಕಿತ್ತು."

"ಅಲ್ಲ ಮಾವ, ಕುಂದಾಪುರದಲ್ಲಿ ಕಡಲಿದೆ ಎನ್ನುವುದು ಅವರಿಗೆ ಕಾರು ಮಾರುವಾಗ ಗೊತ್ತಿರಲಿಲ್ಲವೇ?" ಎಂದು ಅವನು ಕೇಳಿದಾಗ ನನಗೆ ನಗು ಬಂದಿತು. ಆದರೆ ಅವನು ಹೋದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ತಪ್ಪು ನಿಮ್ಮದೇ ಎಂದು ದೂರುದಾರನಿಗೆ ಹೇಳಿ ಕಳುಹಿಸುವ ಈ ಪದ್ಧತಿಗೆ ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ತರಗತಿಯಲ್ಲಿ ಈ ಪಾಠ ಮಾಡುವ ಸಂದರ್ಭ ನನಗೆ ಎಂದೂ ಒದಗಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಮೆರಿಕೆಯ ನ್ಯೂಯಾರ್ಕ್ ರಾಜ್ಯಕ್ಕೆ ಹೋಗೋಣ. ಕಲ್ಲು ಕೆತ್ತುವ ವೃತ್ತಿಯವನೊಬ್ಬ ವ್ಯಾಪಾರಿಯಿಂದ ಬ್ಯೂಕ್ ಕಾರನ್ನು ಕೊಂಡಿದ್ದನು. ಆ ಕಾಲದ ಗಾಲಿಗಳಿಗೆ ನಮ್ಮ ಎತ್ತಿನ ಗಾಡಿಯಂತೆ ಮರದ ಅರಗಳಿದ್ದವು. ಓಡುತ್ತಿದ್ದಾಗಲೇ ಒಂದು ಗಾಲಿಯ ಅರಗಳು ಪುಡಿಯಾಗಿ, ಆತ ಹೊರಗೆಸೆಯಲ್ಪಟ್ಟು ಗಾಯಗೊಂಡನು. ಕಂಪನಿಯ ವಾದ ಸರಳವಾಗಿತ್ತು: ನಾವು ಕಾರು ಮಾರಿದ್ದು ವ್ಯಾಪಾರಿಗೆ, ಈ ಮನುಷ್ಯನಿಗೂ ನಮಗೂ ಯಾವ ಕರಾರೂ ಇಲ್ಲ, ಮೇಲಾಗಿ ಆ ಗಾಲಿಯನ್ನು ತಯಾರಿಸಿದವರು ಬೇರೆಯವರು. 1916ರಲ್ಲಿ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೋ ಅವರು ಈ ವಾದವನ್ನು ತಳ್ಳಿಹಾಕಿದರು. ಅಜಾಗರೂಕತೆಯಿಂದ ತಯಾರಿಸಿದರೆ ಪ್ರಾಣಕ್ಕೆ ಅಪಾಯ ತರಬಲ್ಲ ವಸ್ತುವನ್ನು ಮಾರುಕಟ್ಟೆಗೆ ಬಿಡುವವನು, ಅದನ್ನು ಕೊನೆಯಲ್ಲಿ ಬಳಸುವವನಿಗೂ ಹೊಣೆಗಾರನೆಂದು ತೀರ್ಪಿತ್ತರು. ಕಾನೂನು ವಿದ್ಯಾರ್ಥಿಗಳು ಈ ತೀರ್ಪನ್ನು ಇಂದಿಗೂ ಓದುತ್ತಾರೆ.

ತೀರ್ಪು ಬಂದರೂ ಜನರ ಮನಸ್ಸು ಬದಲಾಗಲಿಲ್ಲ. ಮುಂದಿನ ಐವತ್ತು ವರ್ಷ ಅಪಘಾತವೆಂದರೆ ಚಾಲಕನ ತಪ್ಪು ಎಂಬ ನಂಬಿಕೆಯೇ ಅಲ್ಲಿ ಬಲವಾಗಿತ್ತು. ಸ್ಟೀರಿಂಗ್ ಹಿಂದೆ ಕುಳಿತಿರುವ 'ನಟ್ಟು' ಸಡಿಲವಾಗಿದ್ದರೆ ಕಾರೇನು ಮಾಡೀತು ಎಂಬುದು ಅಂದಿನ ತಮಾಷೆ. ಇಂಗ್ಲಿಷಿನಲ್ಲಿ ತಲೆ ಕೆಟ್ಟವನಿಗೂ ಅದೇ ಶಬ್ದ.

ಆ ನಂಬಿಕೆಯನ್ನು ಅಲುಗಾಡಿಸಿದ್ದು ಷೆವ್ರೊಲೆ ಕೋರ್ವೇರ್ ಎಂಬ ಕಾರು. ಜನರಲ್ ಮೋಟಾರ್ಸ್ ಕಂಪನಿಯು ಇದನ್ನು 1959ರ ಕೊನೆಯಲ್ಲಿ ಹೊರತಂದಿತು. ಎಂಜಿನ್ ಹಿಂಭಾಗದಲ್ಲಿತ್ತು, ಆದ್ದರಿಂದ ಭಾರವೂ ಹಿಂದೆಯೇ. ಇಲ್ಲಿ ಸ್ವಲ್ಪ ವಿಜ್ಞಾನ ಬೇಕು. ಗಣಿತ ಕಂಡರೆ ಹಿಂದಿನ ಬೆಂಚಿಗೆ ಸರಿಯುತ್ತಿದ್ದ ನನ್ನ ಶಿಷ್ಯರು ಹೆದರಬೇಕಾಗಿಲ್ಲ. ಹಿಂದಿನ ಎರಡು ಚಕ್ರಗಳ ಅಚ್ಚುಗಳು ನಡುವೆ ಕೀಲಿನಿಂದ ತೂಗುವಂತಿದ್ದವು. ತಿರುವಿನಲ್ಲಿ ರಭಸವಾಗಿ ಹೊರಳಿದಾಗ ಕಾರಿನ ಹಿಂಭಾಗ ಮೇಲೆದ್ದು, ಹೊರಬದಿಯ ಚಕ್ರ ಕಾಲು ಮಡಚಿದಂತೆ ಒಳಕ್ಕೆ ಬಾಗುತ್ತಿತ್ತು. ಟೈರಿನ ಅಂಚು ಮಾತ್ರ ನೆಲವನ್ನು ಹಿಡಿಯುತ್ತಿತ್ತು. ಅನಂತರ ಕಾರು ಗಿರಕಿ ಹೊಡೆಯಲೂಬಹುದು, ಮಗುಚಲೂಬಹುದು.

ಇದಕ್ಕೆ ಕಂಪನಿಯು ಮಾಡಿದ ಉಪಾಯವನ್ನು ಗಮನಿಸಿ. ಮುಂದಿನ ಟೈರುಗಳಿಗೆ ಚದರ ಅಂಗುಲಕ್ಕೆ 15 ಪೌಂಡ್, ಹಿಂದಿನವಕ್ಕೆ 26 ಪೌಂಡ್ ಗಾಳಿ ತುಂಬಬೇಕೆಂದು ಸೂಚಿಸಿತು. ಈ ವ್ಯತ್ಯಾಸವಿದ್ದರೆ ಕಾರು ತಿರುವಿನಲ್ಲಿ ಅಂಕೆಯಲ್ಲಿರುತ್ತದೆ ಎಂಬುದು ಅದರ ತರ್ಕ. ಆದರೆ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುವವನಿಗೆ ಅದು ಹೇಗೆ ತಿಳಿಯಬೇಕು? ನಾಲ್ಕು ಟೈರಿಗೂ ಒಂದೇ ಸಮನಾಗಿ ತುಂಬಿಸುವುದು ಅವನ ರೂಢಿ. ವಿನ್ಯಾಸದಲ್ಲಿ ಉಳಿದ ಕೊರತೆಯನ್ನು ತುಂಬುವ ಹೊಣೆಯನ್ನು ಹೀಗೆ ಕಂಪನಿಯು ಮಾಲೀಕನ ಹೆಗಲಿಗೆ ಹೊರಿಸಿತ್ತು. ಮೊದಲಿನ ಮಾದರಿಗಳಲ್ಲಿ ಇಲ್ಲದಿದ್ದ, ಓಲಾಟವನ್ನು ತಡೆಯುವ ಮುಂಭಾಗದ ಕಂಬಿಯು 1964ರ ಮಾದರಿಯಲ್ಲಿ ಬಂದಿತು. 1965ರಲ್ಲಿ ಹಿಂಭಾಗದ ರಚನೆಯನ್ನೇ ಬದಲಿಸಿದರು. ಅಷ್ಟರಲ್ಲಿ ಕಂಪನಿಯ ಮೇಲೆ ನೂರಕ್ಕೂ ಹೆಚ್ಚು ಮೊಕದ್ದಮೆಗಳು ಬಿದ್ದಿದ್ದವು.

ರಾಲ್ಫ್ ನೇಡರ್ ಎಂಬ ತರುಣ ವಕೀಲರು 1965ರ ನವೆಂಬರಿನಲ್ಲಿ ಪ್ರಕಟಿಸಿದ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕದ ಮೊದಲ ಅಧ್ಯಾಯವೇ ಈ ಕಾರಿನ ಕುರಿತದ್ದು. ಕಂಪನಿಯು ಅವರ ಬೆನ್ನಿಗೆ ಖಾಸಗಿ ಪತ್ತೇದಾರರನ್ನು ಬಿಟ್ಟಿತು. ಪತ್ತೇದಾರರು ಅವರ ಸ್ನೇಹಿತರನ್ನೂ ಗುರುತಿನವರನ್ನೂ ಕಂಡು, ಅವರ ಖಾಸಗಿ ಬದುಕನ್ನು ಕೆದಕುವ ಪ್ರಶ್ನೆಗಳನ್ನು ಕೇಳಿದರು. ಗುಟ್ಟು ಬಯಲಾಗಿ, 1966ರ ಮಾರ್ಚಿನಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಚ್ ಅವರು ಸೆನೆಟ್ಟಿನ ಉಪಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ಅದೇ ವರ್ಷದ ಸೆಪ್ಟೆಂಬರ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತಾ ಕಾಯಿದೆಗೆ ಸಹಿ ಹಾಕಿದರು. ಸುರಕ್ಷತೆಗೆ ಧಕ್ಕೆ ತರುವ ದೋಷ ಕಂಡುಬಂದರೆ ತಯಾರಕರು ಮಾಲೀಕನಿಗೆ ಅಂಚೆಯ ಮೂಲಕ ತಿಳಿಸಲೇಬೇಕೆಂದಾಯಿತು. ಉಚಿತವಾಗಿ ಸರಿಪಡಿಸಿಕೊಡಬೇಕೆಂಬ ಕಡ್ಡಾಯ ಬಂದದ್ದು 1974ರ ತಿದ್ದುಪಡಿಯಲ್ಲಿ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. 1972ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆಯೇ ಪರೀಕ್ಷೆ ನಡೆಸಿ, ಹಳೆಯ ಕೋರ್ವೇರ್ ತನ್ನ ಸಮಕಾಲೀನ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯೇನಲ್ಲ ಎಂದಿತು. ನೇಡರ್ ಅದನ್ನು ಒಪ್ಪಲಿಲ್ಲ. ನನ್ನ ಮಟ್ಟಿಗೆ ಆ ವರದಿಯು ಕೋರ್ವೇರಿನ ಮೇಲಿನ ಆರೋಪವನ್ನು ತಗ್ಗಿಸುವುದಕ್ಕಿಂತ ಉಳಿದ ಕಾರುಗಳ ಮೇಲಿನ ಸಂಶಯವನ್ನು ಹೆಚ್ಚಿಸುತ್ತದೆ.

ಇನ್ನೊಂದು ಪ್ರಕರಣ ಫೋರ್ಡ್ ಪಿಂಟೊ ಕಾರಿನದು. ಕ್ಯಾಲಿಫೋರ್ನಿಯಾದ ಒಂದು ಕುಟುಂಬ 1971ರ ನವೆಂಬರಿನಲ್ಲಿ ಹೊಸ ಪಿಂಟೊ ಕೊಂಡಿತು. ಮೊದಲ ಕೆಲವು ತಿಂಗಳಲ್ಲೇ ಅದನ್ನು ಹಲವು ಸಲ ದುರಸ್ತಿಗೆ ಒಯ್ಯಬೇಕಾಯಿತು: ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಶಕ್ತಿ ಸಾಲದು, ನಡುನಡುವೆ ನಿಂತುಬಿಡುತ್ತದೆ. ಇವೆಲ್ಲ ಯಾವ ಮಾಲೀಕನಾದರೂ ಹೇಳಬಹುದಾದ ದೂರುಗಳು. 1972ರ ಮೇ ತಿಂಗಳಲ್ಲಿ ಆ ಮನೆಯ ಗೃಹಿಣಿಯು ನೆರೆಮನೆಯ 13 ವರ್ಷದ ಹುಡುಗನನ್ನು ಕೂರಿಸಿಕೊಂಡು ಹೊರಟಿದ್ದಾಗ, ಹೆದ್ದಾರಿಯ ನಡುವೆ ಕಾರು ನಿಂತೇಬಿಟ್ಟಿತು. ಹಿಂದಿನಿಂದ ಬಂದ ಕಾರು ಬಡಿಯಿತು. ಪೆಟ್ರೋಲ್ ಟ್ಯಾಂಕು ಒಡೆದು ಕಾರಿನೊಳಗೆಲ್ಲ ಬೆಂಕಿ ಹಬ್ಬಿತು. ಆಕೆ ತೀರಿಕೊಂಡರು. ಹುಡುಗ ಬದುಕಿದನು, ಆದರೆ ಮುಖವೂ ಮೈಯೂ ಸುಟ್ಟು ವರ್ಷಗಟ್ಟಲೆ ಶಸ್ತ್ರಚಿಕಿತ್ಸೆಗಳಿಗೆ ಒಳಗಾಗಬೇಕಾಯಿತು.

ಕಾರು ನಿಲ್ಲುತ್ತದೆ ಎಂದು ಅವರು ದೂರಿದ್ದರು, ಟ್ಯಾಂಕಿನ ಬಗ್ಗೆ ದೂರಿರಲಿಲ್ಲ. ಹೇಗೆ ದೂರಬೇಕು? ಅದು ಹಿಂದಿನ ಅಚ್ಚಿನ ಆಚೆ, ಬಂಪರಿಗೆ ಸಮೀಪದಲ್ಲಿತ್ತು. ಜಜ್ಜಿದರೆ ಸರಿಯಲು 9-10 ಅಂಗುಲದ ಜಾಗ ಮಾತ್ರ. ಎದುರಿಗೇ ಚಾಚಿಕೊಂಡ ಬೋಲ್ಟುಗಳ ತಲೆಗಳು ಟ್ಯಾಂಕನ್ನು ತೂತು ಮಾಡಬಲ್ಲವಾಗಿದ್ದವು. ಡಿಕ್ಕಿಯ ಪ್ರಯೋಗಗಳಲ್ಲಿ ಟ್ಯಾಂಕು ಸೋರಿದ್ದು ಕಂಪನಿಗೆ ತಿಳಿದಿತ್ತು, ಕಾರಿಗೆ ಕೆಲವೇ ಡಾಲರ್ ಖರ್ಚಿನ ಪರಿಹಾರಗಳಿದ್ದದ್ದೂ ತಿಳಿದಿತ್ತು ಎಂಬುದು ನ್ಯಾಯಾಲಯದಲ್ಲಿ ಹೊರಬಂದಿತು. ತುಕ್ಕು ಕಣ್ಣಿಗೆ ಬೀಳುತ್ತದೆ, ಸದ್ದು ಕಿವಿಗೆ ಬೀಳುತ್ತದೆ. ಟ್ಯಾಂಕಿನ ಹಿಂದಿನ ಬೋಲ್ಟು ಮಾಲೀಕನ ಅರಿವಿಗೆ ಬರುವುದು ಅಪಘಾತದ ದಿನ. ಒಂದೊಂದು ಅಪಘಾತವೂ ಒಂದೊಂದು ಊರಿನ ಪೊಲೀಸ್ ಕಡತದಲ್ಲಿ ಮಲಗಿದ್ದರೆ ಅವೆಲ್ಲ ಒಂದೇ ದೋಷದಿಂದ ಆದವು ಎಂದು ಯಾರೂ ಕಾಣುವುದಿಲ್ಲ.

1978ರ ಫೆಬ್ರವರಿಯಲ್ಲಿ ಜ್ಯೂರಿಯು 12.5 ಕೋಟಿ ಡಾಲರ್ ದಂಡನಾರ್ಥಕ ಪರಿಹಾರ ವಿಧಿಸಿತು. ನ್ಯಾಯಾಧೀಶರು ಅದನ್ನು 35 ಲಕ್ಷಕ್ಕೆ ಇಳಿಸಿದರು. ಅದೇ ಜೂನ್‌ನಲ್ಲಿ ಕಂಪನಿಯು ಸುಮಾರು 15 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆದು, ಟ್ಯಾಂಕಿಗೂ ಬೋಲ್ಟುಗಳಿಗೂ ನಡುವೆ ಪ್ಲಾಸ್ಟಿಕ್ಕಿನ ತಡೆಹಲಗೆಯನ್ನು ಹಾಕಿಸಲು ಒಪ್ಪಿತು.

ಒಂದು ತಿದ್ದುಪಡಿ. ಪಿಂಟೊ ಕಾರನ್ನು ಸರಿಪಡಿಸುವುದಕ್ಕಿಂತ ಸತ್ತವರಿಗೆ ಹಣ ಕೊಡುವುದೇ ಅಗ್ಗವೆಂದು ಕಂಪನಿಯು ಲೆಕ್ಕ ಹಾಕಿತ್ತೆಂಬ ಕತೆ ಪ್ರಸಿದ್ಧವಾಗಿದೆ. ಜೀವವೊಂದಕ್ಕೆ 2 ಲಕ್ಷ ಡಾಲರ್, ಕಾರೊಂದಕ್ಕೆ 11 ಡಾಲರ್ ಎಂಬ ಲೆಕ್ಕದ ಪತ್ರ ಇದ್ದದ್ದು ನಿಜ. ಆದರೆ ಅದು ಅಮೆರಿಕೆಯ ಎಲ್ಲ ಕಾರುಗಳನ್ನು ಕುರಿತು, ಕಾರು ಮಗುಚಿದಾಗ ಇಂಧನ ಸೋರುವ ವಿಷಯವಾಗಿ, ಸರ್ಕಾರಕ್ಕೆ ಸಲ್ಲಿಸಿದ್ದು. ಜೀವಕ್ಕೆ ಕಟ್ಟಿದ ಬೆಲೆಯೂ ಸರ್ಕಾರಿ ಸಂಸ್ಥೆಯದೇ. ತಪ್ಪಿತಸ್ಥನ ಮೇಲೂ ಮಾಡದ ತಪ್ಪನ್ನು ಹೊರಿಸಬಾರದು.

ನಮ್ಮಲ್ಲಿ 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದಿತಾದರೂ, ಕಾರುಗಳನ್ನು ಹಿಂದಕ್ಕೆ ಕರೆಸುವುದು ಬಹುಕಾಲ ತಯಾರಕರ ಇಚ್ಛೆಗೇ ಬಿಟ್ಟ ವಿಷಯವಾಗಿತ್ತು. 2019ರ ಮೋಟಾರು ವಾಹನ ತಿದ್ದುಪಡಿಯು ಸರ್ಕಾರಕ್ಕೆ ಆ ಅಧಿಕಾರ ಕೊಟ್ಟಿತು. ಗೊತ್ತುಪಡಿಸಿದಷ್ಟು ಮಾಲೀಕರು ಒಂದೇ ಬಗೆಯ ದೋಷವನ್ನು ದೂರಿದರೆ ಅದು ಕ್ರಮಕ್ಕೆ ಆಧಾರವಾಗುತ್ತದೆ. 2021ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳು ಏಳು ವರ್ಷದೊಳಗಿನ ವಾಹನಗಳಿಗೆ ಅನ್ವಯಿಸುತ್ತವೆ.

ಇದನ್ನು ನಾನು ತಂಗಿಯ ಮಗನಿಗೆ ಫೋನಿನಲ್ಲಿ ಓದಿ ಹೇಳಿದೆನು. ಕಡಲ ಗಾಳಿಯ ವಿಚಾರ ಬಿಟ್ಟು, ಅಡಿಭಾಗದ ತಗಡಿನ ಚಿತ್ರ ತೆಗೆದು, ದಿನಾಂಕ ಹಾಕಿ ಬರೆ ಎಂದೆನು. ಅದೇ ಗ್ಯಾರೇಜಿನವನು ಅದೇ ಮಾದರಿಯ ಇನ್ನೆರಡು ಕಾರುಗಳಲ್ಲಿ ಅದೇ ಜಾಗದಲ್ಲಿ ತುಕ್ಕು ನೋಡಿದ್ದಾನಂತೆ. ಒಂದು ಬೈಂದೂರಿನದು, ಇನ್ನೊಂದು ಘಟ್ಟದ ಮೇಲಿನ ತೀರ್ಥಹಳ್ಳಿಯದು. ತೀರ್ಥಹಳ್ಳಿಗೆ ಕಡಲು ಎಲ್ಲಿಂದ ಬಂದಿತೋ! ಆ ಇಬ್ಬರ ಫೋನ್ ನಂಬರು ಪಡೆಯಲು ಅವನು ಮರುದಿನವೇ ಗ್ಯಾರೇಜಿಗೆ ಹೋದನು.