ಮರಿಯಳೋ, ಮರಿಯಮ್ಮನೋ?

ಪ್ರೌಢಶಾಲೆಯ ಇತಿಹಾಸ ಪಠ್ಯದಲ್ಲಿ ಮತಸುಧಾರಣೆಯ ಪಾಠವೆಂದರೆ ಮಾರ್ಟಿನ್ ಲೂಥರ್, ಪಾಪವಿಮೋಚನಾ ಪತ್ರಗಳ ಮಾರಾಟ, 1517ರ ತೊಂಬತ್ತೈದು ಹೇಳಿಕೆಗಳು; ಇಷ್ಟರಲ್ಲಿಯೇ ಮುಗಿದುಹೋಗುತ್ತಿತ್ತು. ನಾನೂ ವರ್ಷಗಟ್ಟಲೆ ಅದನ್ನೇ ಬೋಧಿಸಿದವನು. ಆದರೆ ವಿದ್ಯಾರ್ಥಿಗಳ ಕುತೂಹಲ ಆ ಪತ್ರಗಳ ಬಗೆಗೆ ಇರುತ್ತಿರಲಿಲ್ಲ. "ಸಾರ್, ಒಂದು ಚರ್ಚಿನಲ್ಲಿ ಮಾತೆಯ ವಿಗ್ರಹವಿರುತ್ತದೆ, ಇನ್ನೊಂದರಲ್ಲಿ ಬರಿಯ ಶಿಲುಬೆ. ಅದೇಕೆ?" ಎಂದು ಕೇಳುತ್ತಿದ್ದರು. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹಿಡಿಸುವ ಉತ್ತರವಲ್ಲ ಅದು. ಈಗ ಗಂಟೆ ಬಾರಿಸುವವರಿಲ್ಲವಾದ್ದರಿಂದ ಸಾವಧಾನವಾಗಿ ಬರೆಯುತ್ತಿದ್ದೇನೆ.

ಕನ್ನಡದಲ್ಲಿಯೇ ಈ ಭೇದ ಕಿವಿಗೆ ಬೀಳುತ್ತದೆ. ಪ್ರೊಟೆಸ್ಟೆಂಟರು ಓದುವ ಸತ್ಯವೇದದಲ್ಲಿ ಯೇಸುವಿನ ತಾಯಿ 'ಮರಿಯಳು'. ಕಥೋಲಿಕರ ಬಾಯಲ್ಲಿ 'ಮರಿಯಮ್ಮನವರು'. ಹಾಗೆಂದು ಮೊದಲನೆಯವರಿಗೆ ಆಕೆಯಲ್ಲಿ ಗೌರವವಿಲ್ಲವೆಂದು ಭಾವಿಸುವುದು ಸಲ್ಲದು. ಲೂಥರನೇ ಇದಕ್ಕೆ ಸಾಕ್ಷಿ.

ಲೂಕನ ಸುವಾರ್ತೆಯಲ್ಲಿ ಮರಿಯಮ್ಮ ಹಾಡುವ ಸ್ತುತಿಗೀತೆಯೊಂದಿದೆ. 'ಮಾಗ್ನಿಫಿಕಾತ್' ಎಂದು ಅದರ ಲ್ಯಾಟಿನ್ ಹೆಸರು. ಲೂಥರ್ 1521ರಲ್ಲಿ ಅದಕ್ಕೊಂದು ವ್ಯಾಖ್ಯಾನ ಬರೆದನು. ಪೋಪರಿಂದ ಬಹಿಷ್ಕೃತನಾಗಿ, ಚಕ್ರವರ್ತಿಯ ಕೋಪಕ್ಕೂ ಗುರಿಯಾಗಿ, ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದ ಕಾಲದಲ್ಲಿ ಅದನ್ನು ಪೂರೈಸಿದನು. ಅಂತಹ ಆಪತ್ತಿನ ನಡುವೆಯೂ ಆತ ಆಕೆಯನ್ನು ದೇವಮಾತೆಯೆಂದೇ ಕರೆಯುತ್ತಾನೆ. ಆತನ ಆಕ್ಷೇಪ ಬೇರೆಯದು. ಹೆಸರಿಲ್ಲದ ಬಡ ಹುಡುಗಿಯೊಬ್ಬಳ ಮೇಲೆ ದೇವರ ಕೃಪಾದೃಷ್ಟಿ ಬಿದ್ದುದೇ ಆ ಕಥೆಯ ಸೊಬಗು. ಆಕೆಯನ್ನು ಕೈಗೆಟುಕದ ಸ್ವರ್ಗದ ರಾಣಿಯಾಗಿ ಮಾಡಿದರೆ ದೀನರಿಗೆ ದೊರೆಯಬೇಕಾದ ಭರವಸೆಯನ್ನೇ ಕಸಿದುಕೊಂಡಂತೆ ಎಂಬುದು ಆತನ ವಾದದ ತಿರುಳು. ಕ್ರಿಸ್ತನನ್ನು ಕಠೋರ ನ್ಯಾಯಾಧೀಶನೆಂದು ಹೆದರಿ ಜನರು ತಾಯಿಯ ಸೆರಗಿನಲ್ಲಿ ಮರೆಯಾಗುತ್ತಿದ್ದಾರೆ ಎಂಬ ಕೊರಗೂ ಆತನಿಗಿತ್ತು.

ಒಂದು ಪದದ ಅನುವಾದವೂ ಈ ಜಗಳದಲ್ಲಿ ಸೇರಿಕೊಂಡಿತು. ದೇವದೂತ ಆಕೆಯನ್ನು ಸಂಬೋಧಿಸುವ ಗ್ರೀಕ್ ಪದವನ್ನು ಲ್ಯಾಟಿನ್ ಬೈಬಲ್ 'ಕೃಪಾಪೂರ್ಣೆ' ಎಂಬರ್ಥದಲ್ಲಿ ಅನುವಾದಿಸಿತ್ತು. ಮೂಲಕ್ಕೆ 'ಕೃಪೆಗೆ ಪಾತ್ರಳಾದವಳು' ಎಂಬ ಅರ್ಥವೇ ಹೆಚ್ಚು ಹತ್ತಿರವೆಂದು ಸುಧಾರಕರು ಹಟ ಹಿಡಿದರು. ಲೂಥರ್ 1530ರ ಪತ್ರವೊಂದರಲ್ಲಿ, 'ಪೂರ್ಣ' ಎಂದರೆ ಜರ್ಮನರಿಗೆ ಬಿಯರ್ ತುಂಬಿದ ಪೀಪಾಯಿಯೋ ಹಣ ತುಂಬಿದ ಚೀಲವೋ ನೆನಪಿಗೆ ಬರುತ್ತದೆಂದು ಗೇಲಿ ಮಾಡಿದನು. ನಗುವಂತಿದ್ದರೂ ಇದು ಬರಿಯ ವ್ಯಾಕರಣದ ವ್ಯಾಜ್ಯವಲ್ಲ. ಕೃಪೆ ಆಕೆಯಲ್ಲಿ ತುಂಬಿದ್ದರೆ ಇತರರಿಗೂ ಹರಿದು ಬಂದೀತು. ಆಕೆಯೂ ಅದನ್ನು ಪಡೆದವಳಷ್ಟೇ ಆಗಿದ್ದರೆ ನಮ್ಮ ಸಾಲಿನಲ್ಲಿಯೇ ನಿಂತಿದ್ದಾಳೆ!

ಅದೇ ವರ್ಷದ ಔಗ್ಸ್‌ಬರ್ಗ್ ವಿಶ್ವಾಸಪ್ರಮಾಣದ 21ನೆಯ ವಿಧಿ, ಸಂತರನ್ನು ಸ್ಮರಿಸಬಹುದು, ಆದರೆ ಅವರಲ್ಲಿ ಮೊರೆಯಿಡಕೂಡದು, ಏಕೆಂದರೆ ಕ್ರಿಸ್ತನೊಬ್ಬನೇ ಮಧ್ಯಸ್ಥ ಎಂದಿತು. ಕಥೋಲಿಕರ ಉತ್ತರವೂ ಸ್ಪಷ್ಟವಾಗಿಯೇ ಇದೆ: ಆರಾಧನೆ ದೇವರೊಬ್ಬನಿಗೆ, ಸಂತರಿಗೆ ವಂದನೆ, ಮರಿಯಮ್ಮನಿಗೆ ವಿಶೇಷ ವಂದನೆ; ನಮಗಾಗಿ ಪ್ರಾರ್ಥಿಸೆಂದು ಆಕೆಯನ್ನು ಕೋರುತ್ತೇವೆ, ಅಷ್ಟೆ. ಶಾಸ್ತ್ರದ ಪುಟದಲ್ಲಿ ಈ ಗೆರೆ ಅಚ್ಚುಕಟ್ಟಾಗಿದೆ. ಮೇಣದಬತ್ತಿ ಹಿಡಿದು ನಿಂತ ಭಕ್ತನ ಮನಸ್ಸಿನಲ್ಲಿಯೂ ಅದು ಅಷ್ಟೇ ಸ್ಪಷ್ಟವಾಗಿರುತ್ತದೆಯೆ ಎಂಬುದು ಸುಧಾರಕರ ಸಂದೇಹ. ಆ ಸಂದೇಹ ನನಗೆ ಅಸಂಗತವೆನಿಸುವುದಿಲ್ಲ.

ಆದರೆ ಸಂದೇಹವು ಕೊಡಲಿಯಾದಾಗ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡಿನ ವಾಲ್ಸಿಂಗ್‌ಹ್ಯಾಮ್ ನಿದರ್ಶನ. ನಾರ್ಫಕ್ ಪ್ರಾಂತದ ಈ ಹಳ್ಳಿ ಮರಿಯಮ್ಮನ ಹೆಸರಾಂತ ಯಾತ್ರಾಸ್ಥಳವಾಗಿತ್ತು. ಎರಾಸ್ಮಸ್‌ನಂತಹ ವಿದ್ವಾಂಸನೂ ಅಲ್ಲಿಗೆ ಹೋಗಿ ಬಂದು, ಮುಂದೆ ಅಲ್ಲಿನ ಆಡಂಬರವನ್ನು ಪರಿಹಾಸ್ಯ ಮಾಡಿದನು. ಎಂಟನೆಯ ಹೆನ್ರಿ 1511ರಲ್ಲಿ, ಮಗ ಹುಟ್ಟಿದ ಸಂತೋಷಕ್ಕೆ, ತಾನೇ ಅಲ್ಲಿಗೆ ಯಾತ್ರೆ ಹೋಗಿದ್ದನು. (ಆ ಶಿಶು ಎರಡು ತಿಂಗಳೂ ಬದುಕಲಿಲ್ಲ.) ಅದೇ ಹೆನ್ರಿ ಪೋಪರೊಡನೆ ಸಂಬಂಧ ಕಡಿದುಕೊಂಡ ಮೇಲೆ ಮಠಗಳ ಆಸ್ತಿಗೆ ಕೈಹಾಕಿದನು. ಪ್ರತಿಭಟಿಸಲು ಸಂಚು ನಡೆಸಿದರೆಂದು 1537ರಲ್ಲಿ ಮಠದ ಉಪಾಧ್ಯಕ್ಷ ನಿಕೊಲಸ್ ಮೈಲಮ್ ಮೊದಲಾದವರಿಗೆ ಮರಣದಂಡನೆಯಾಯಿತು. ಮರುವರ್ಷ ಮಠವನ್ನು ಮುಚ್ಚಿ, ಮಾತೆಯ ವಿಗ್ರಹವನ್ನು ಲಂಡನ್ನಿಗೆ ಸಾಗಿಸಿ ಸುಟ್ಟುಹಾಕಿದರು. ಆ ವಿಗ್ರಹದ ಮುಂದೆ ಉರಿಯುತ್ತಿದ್ದ ಮೇಣದಬತ್ತಿಗೆಂದು ಅರಸನ ಬೊಕ್ಕಸದಿಂದ ಹೋಗುತ್ತಿದ್ದ ಹಣವೂ ನಿಂತಿತು. ಇಲ್ಲಿ ದೇವತಾಶಾಸ್ತ್ರವೆಷ್ಟು, ದುರಾಸೆಯೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ನನ್ನ ಮಟ್ಟಿಗೆ ಎರಡನೆಯದರ ತೂಕವೇ ಹೆಚ್ಚು.

ವಿಚಿತ್ರವೆಂದರೆ, 1922ರಲ್ಲಿ ಆ ಊರಿನ ಆಂಗ್ಲಿಕನ್ ಪಾದ್ರಿ ಹೋಪ್ ಪ್ಯಾಟನ್ ಹೊಸ ವಿಗ್ರಹವೊಂದನ್ನು ಪ್ರತಿಷ್ಠಾಪಿಸಿದನು. 1934ರಲ್ಲಿ ಸಮೀಪದ ಸ್ಲಿಪ್ಪರ್ ಚಾಪೆಲ್ ಕಥೋಲಿಕರ ರಾಷ್ಟ್ರೀಯ ಯಾತ್ರಾಸ್ಥಳವಾಯಿತು. ಆಂಗ್ಲಿಕನರ ವಾರ್ಷಿಕ ಮೆರವಣಿಗೆಯ ದಾರಿಯಲ್ಲಿ ನಿಂತು ಉಗ್ರ ಪ್ರೊಟೆಸ್ಟೆಂಟರು ಧಿಕ್ಕಾರ ಕೂಗಿದುದೂ ಉಂಟು.

ಅಷ್ಟರಲ್ಲಿ ವಾದದ ನೆಲೆ ಬದಲಾಗಿತ್ತು. ಮರಿಯಮ್ಮ ಜನ್ಮಪಾಪದ ಸೋಂಕಿಲ್ಲದೆ ತನ್ನ ತಾಯಿಯ ಗರ್ಭದಲ್ಲಿ ಉದ್ಭವಿಸಿದಳೆಂದು 1854ರಲ್ಲಿ ಒಂಬತ್ತನೆಯ ಪಿಯುಸ್ ಘೋಷಿಸಿದರು. (ಇದನ್ನು ಯೇಸುವಿನ ಕನ್ಯಾಜನನವೆಂದು ತಪ್ಪಾಗಿ ತಿಳಿಯುವವರು ಬಹಳ.) ಆಕೆ ದೇಹಾತ್ಮಸಹಿತ ಸ್ವರ್ಗಕ್ಕೆ ಸ್ವೀಕೃತಳಾದಳೆಂದು 1950ರಲ್ಲಿ ಹನ್ನೆರಡನೆಯ ಪಿಯುಸ್ ಸಾರಿದರು. ಬೈಬಲಿನಲ್ಲಿ ನೇರವಾಗಿ ಹೇಳದುದನ್ನು ನಂಬಲೇಬೇಕೆಂದು ವಿಧಿಸುವ ಅಧಿಕಾರ ಯಾರಿಗಿದೆ ಎಂಬುದೇ ಆಗ ಪ್ರೊಟೆಸ್ಟೆಂಟರ ಮುಖ್ಯ ಪ್ರಶ್ನೆಯಾಯಿತು. ಮೊದಲನೆಯ ವಿಷಯವನ್ನು ಕಥೋಲಿಕರ ಮಹಾಪಂಡಿತ ಥಾಮಸ್ ಅಕ್ವಿನಾಸನೇ ಹದಿಮೂರನೆಯ ಶತಮಾನದಲ್ಲಿ ಒಪ್ಪಿರಲಿಲ್ಲವೆಂಬುದನ್ನು ನಮ್ಮ ಪಠ್ಯಗಳು ಹೇಳುವುದಿಲ್ಲ.

ಈ ಒಳಜಗಳ ಎದ್ದು ಕಂಡಿದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ. ಮರಿಯಮ್ಮನ ಕುರಿತು ಪ್ರತ್ಯೇಕ ದಸ್ತಾವೇಜು ಬೇಕೋ, ಧರ್ಮಸಭೆಯನ್ನು ಕುರಿತ ದಸ್ತಾವೇಜಿನಲ್ಲಿಯೇ ಒಂದು ಅಧ್ಯಾಯ ಸಾಕೋ? ಫಿಲಿಪ್ಪೀನ್ಸಿನ ಕಾರ್ಡಿನಲ್ ಸಾಂತೋಸ್ ಪ್ರತ್ಯೇಕವಾಗಿರಲೆಂದರು. ವಿಯೆನ್ನಾದ ಕಾರ್ಡಿನಲ್ ಕೋನಿಗ್, ಆಕೆಯೂ ಧರ್ಮಸಭೆಯ ಸದಸ್ಯೆಯಾದ್ದರಿಂದ ಒಳಗೇ ಇರಲೆಂದರು. 1963ರ ಅಕ್ಟೋಬರ್ 29ರಂದು ಮತ ಎಣಿಸಿದಾಗ ಒಳಗಿರಲೆಂದವರು 1,114, ಬೇಡವೆಂದವರು 1,074. ಕೇವಲ ನಲವತ್ತು ಮತಗಳ ಅಂತರ! ಮರುವರ್ಷ ಆ ಅಧ್ಯಾಯಕ್ಕೆ ಮುದ್ರೆ ಬಿದ್ದ ದಿನವೇ ಆರನೆಯ ಪೌಲ್, ಸೋತವರ ಸಮಾಧಾನಕ್ಕೋ ಎಂಬಂತೆ, ಆಕೆಯನ್ನು 'ಧರ್ಮಸಭೆಯ ತಾಯಿ' ಎಂದು ಸಾರಿದರು.

ಆಂಗ್ಲಿಕನ್ ಮತ್ತು ಕಥೋಲಿಕ ವಿದ್ವಾಂಸರು ಕೂಡಿ 2005ರಲ್ಲಿ ಮರಿಯಮ್ಮನ ಕುರಿತು ಒಂದು ಜಂಟಿ ಹೇಳಿಕೆಯನ್ನು ಪ್ರಕಟಿಸಿದರು. 2025ರ ನವೆಂಬರಿನಲ್ಲಿ ವ್ಯಾಟಿಕನ್ನಿನ ಧರ್ಮಬೋಧನಾ ಇಲಾಖೆಯು, ಆಕೆಯನ್ನು 'ಸಹ-ವಿಮೋಚಕಿ' ಎಂದು ಕರೆಯುವುದು ಉಚಿತವಲ್ಲ, ಅದರಿಂದ ಕ್ರಿಸ್ತನ ಸ್ಥಾನ ಮಸುಕಾದೀತು ಎಂಬ ಟಿಪ್ಪಣಿ ಹೊರಡಿಸಿತು. ಲೂಥರ್ ಓದಿದ್ದರೆ ತಲೆದೂಗುತ್ತಿದ್ದನೇನೋ. ಈ ಬಾರಿ ಅಸಮಾಧಾನ ವ್ಯಕ್ತಪಡಿಸಿದವರಲ್ಲಿ ಕಥೋಲಿಕ ಭಕ್ತರೇ ಇದ್ದರು.