ಹೊಸ ಲ್ಯಾಪ್‌ಟಾಪು, ಹಳೇ ಡಾಂಗಲ್ಲು: ಆರ್ಮ್‌ಗೆ ಹೋಗುವ ಮುನ್ನ

ಬಾದಾಮಿ ಬನಶಂಕರಿ ಜಾತ್ರೆಗೆ ಮೂರು ವಾರ ಇರುವಾಗ ಇಳಕಲ್ಲಿನ ಗೆಳೆಯನ ಫೋನ್ ಬಂತು. ಅವನದು ಫ್ಲೆಕ್ಸ್ ಅಂಗಡಿ. ನಾಟಕ ಕಂಪನಿಗಳ ಬ್ಯಾನರುಗಳೆಲ್ಲ ಒಟ್ಟಿಗೇ ಬೀಳುವ ಕಾಲ. "ಲೇ ದೋಸ್ತಾ, ಹೊಸಾ ಲ್ಯಾಪ್‌ಟಾಪ್ ತಂದೇನಿ. ಫೋಟೋಶಾಪ್ ಚೊಲೋ ಓಡತೈತಿ. ಆದ್ರ ಪ್ರಿಂಟಿಂಗ್ ಮಷಿನ್ ಸಾಫ್ಟ್‌ವೇರು ಡಾಂಗಲ್ ಸಿಗವಲ್ದು ಅಂತೈತಿ. ನೀ ಎಂಜಿನಿಯರಿಂಗ್ ಓದೀಯಲ್ಲ, ಹೇಳು" ಅಂದ.

ಬಾಗಲಕೋಟೆಯಲ್ಲಿ ಓದಿದ ನಾಲ್ಕು ವರ್ಷ ಆಗಾಗ ಹೀಗೆ ಕೆಲಸಕ್ಕೆ ಬರುತ್ತವೆ. ಮಾಡೆಲ್ ನಂಬರ್ ಕೇಳಿದೆ. ಅಂದುಕೊಂಡಂತೆ ಅದು ಆರ್ಮ್ ಪ್ರೊಸೆಸರಿನ ವಿಂಡೋಸ್ ಯಂತ್ರ. ಬ್ಯಾಟರಿ ದಿನವಿಡೀ ಬರುತ್ತೆ ಅಂತ ಮಾರಿದವರು ಹೇಳಿದ್ದರು, ಅದು ಸುಳ್ಳಲ್ಲ. ಡಾಂಗಲ್ ವಿಷಯ ಮಾತ್ರ ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಇಳಕಲ್ಲಿನವರಿಗೆ ಇದನ್ನು ವಿವರಿಸುವುದು ಸುಲಭ. ಒಂದು ಜಕಾರ್ಡಿಗೆಂದು ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಬೇರೆ ಹುಕ್ ಲೆಕ್ಕದ ಜಕಾರ್ಡಿಗೆ ಹಾಕಿದರೆ ಸೆರಗಿನ ಚಿತ್ತಾರ ಬರುವುದಿಲ್ಲ. ಇಂಟೆಲ್, ಎಎಂಡಿ ಪ್ರೊಸೆಸರುಗಳಿಗೆ ಅರ್ಥವಾಗುವ ಆದೇಶಗಳು ಎಕ್ಸ್86 ಎಂಬ ಬಗೆಯವು. ನಮ್ಮ ಮೊಬೈಲಿನಲ್ಲಿರುವುದು ಆರ್ಮ್. ಒಂದಕ್ಕೆಂದು ಮಾಡಿದ ಪ್ರೋಗ್ರಾಮು ಇನ್ನೊಂದಕ್ಕೆ ನೇರವಾಗಿ ತಿಳಿಯುವುದಿಲ್ಲ.

ಹಾಗಾಗಿ ನಡುವೆ ಒಬ್ಬ ದುಭಾಷಿ ಬೇಕು. ಆಪಲ್ 2020ರ ನವೆಂಬರಿನಲ್ಲಿ ಎಂ1 ಮ್ಯಾಕ್ ತಂದಾಗ ಆ ಕೆಲಸಕ್ಕೆ ರೊಸೆಟ್ಟಾ 2 ಕೊಟ್ಟಿತು. ಎಂ1ಗೆಂದೇ ಮಾಡಿದ ಫೋಟೋಶಾಪ್ ಬಂದದ್ದು 2021ರ ಮಾರ್ಚಿನಲ್ಲಿ. ವಿಂಡೋಸ್ 11ರಲ್ಲಿ 2024ರಿಂದ ಪ್ರಿಸಂ ಎಂಬ ಅನುವಾದಕ ಇದೆ. ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತವೆ.

ಆದರೆ ಇವು ಅನುವಾದಿಸುವುದು ಸಾಮಾನ್ಯ ಪ್ರೋಗ್ರಾಮುಗಳನ್ನು ಮಾತ್ರ. ಪ್ರಿಂಟರ್, ಕಟಿಂಗ್ ಪ್ಲಾಟರ್, ಡ್ರಾಯಿಂಗ್ ಟ್ಯಾಬ್ಲೆಟ್, ಡಾಂಗಲ್ ಇವುಗಳ ಡ್ರೈವರ್‌ಗಳು ಆಪರೇಟಿಂಗ್ ಸಿಸ್ಟಮ್ಮಿನ ಒಳಮನೆಯಲ್ಲಿ ಕೂರುತ್ತವೆ. ಅಲ್ಲಿಗೆ ದುಭಾಷಿಗೆ ಪ್ರವೇಶವಿಲ್ಲ. ತಯಾರಕರೇ ಆರ್ಮ್ ಡ್ರೈವರ್ ಬರೆದು ಕೊಡಬೇಕು. ಡ್ರೈವರ್ ಬೇಡದ ಡಾಂಗಲ್‌ಗಳೂ ಇವೆ, ನನ್ನ ಗೆಳೆಯನದು ಆ ಜಾತಿಯದ್ದಲ್ಲ. ವರ್ಚುವಲ್ ಮಷಿನ್ ಹಾಕಿಬಿಡೋಣ ಅಂದರೆ, ಆರ್ಮ್ ಯಂತ್ರದ ಮೇಲೆ ಸರಾಗವಾಗಿ ಓಡುವುದೂ ಆರ್ಮ್ ವಿಂಡೋಸೇ. ಫೋಟೋಶಾಪ್ ಪ್ಲಗಿನ್‌ಗಳದ್ದೂ ಇಂಥದ್ದೇ ಕತೆ: ಇಂಟೆಲ್‌ಗೆ ಮಾಡಿದ ಪ್ಲಗಿನ್ ಬೇಕಾದರೆ ಎಂ1 ಮ್ಯಾಕಿನಲ್ಲಿ ಇಡೀ ಫೋಟೋಶಾಪನ್ನೇ ರೊಸೆಟ್ಟಾ ಮೂಲಕ ತೆರೆಯಬೇಕಿತ್ತು.

ಕನ್ನಡದವರಿಗೆ ಇನ್ನೊಂದು ತೊಡಕಿದೆ, ನನಗೆ ಇದೇ ದೊಡ್ಡದೆನಿಸುತ್ತದೆ. ಬೇರೆ ಪ್ರೋಗ್ರಾಮುಗಳೊಳಗೆ ಹೊಕ್ಕು ಅಕ್ಷರ ಮೂಡಿಸುವ ಕೀಬೋರ್ಡ್ ತಂತ್ರಾಂಶಗಳು ಆರ್ಮ್ ವಿಂಡೋಸಿನಲ್ಲಿ ಕೈಕೊಡಬಹುದು ಎಂದು ಮೈಕ್ರೋಸಾಫ್ಟೇ ಎಚ್ಚರಿಸಿದೆ. ವಿಂಡೋಸಿನೊಳಗಿನ ಕನ್ನಡ ಕೀಬೋರ್ಡ್ ಇದೆಯಲ್ಲ ಅನ್ನಬಹುದು. ಅದು ಕೊಡುವುದು ಯೂನಿಕೋಡ್. ಹುನಗುಂದದಲ್ಲಿ ಡಿಟಿಪಿ ಮಾಡುವ ಪರಿಚಿತರೊಬ್ಬರ ಬಳಿ ಹದಿನೈದು ವರ್ಷದ ಪೇಜ್‌ಮೇಕರ್ ಫೈಲುಗಳಿವೆ, ಎಲ್ಲವೂ ಯೂನಿಕೋಡ್ ಅಲ್ಲದ ನುಡಿ ಫಾಂಟುಗಳಲ್ಲಿ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಅಂಥವರು ಯಂತ್ರ ಬದಲಿಸುವ ಮೊದಲು ಫೈಲುಗಳನ್ನು ಯೂನಿಕೋಡಿಗೆ ತಂದುಕೊಳ್ಳುವುದೇ ಸರಿ. ಬೇಸರದ ಕೆಲಸ, ಒತ್ತಕ್ಷರಗಳನ್ನು ಕೂತು ತಿದ್ದಬೇಕಾಗುತ್ತದೆ.

ಅನುವಾದಕವಿದೆ ಅಂತ ಮುಂದೂಡಬೇಡಿ. ಆಪಲ್ 2006ರಲ್ಲಿ ಇಂಟೆಲ್‌ಗೆ ಹೋದಾಗ ಕೊಟ್ಟ ಮೊದಲ ರೊಸೆಟ್ಟಾವನ್ನು 2011ರಲ್ಲಿ ತೆಗೆದುಹಾಕಿತು. 64-ಬಿಟ್ ವಿಂಡೋಸ್ ಬಂದಾಗ 16-ಬಿಟ್ ಪ್ರೋಗ್ರಾಮುಗಳೂ ಹೀಗೇ ಹೋದವು.

ಅಂಗಡಿಯಲ್ಲಿ ನಿಂತಾಗ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆರೆದು 'ಸಿಸ್ಟಮ್ ಟೈಪ್' ನೋಡಿ. ಆರ್ಮ್ ಎಂದಿದ್ದರೆ ನಿಮ್ಮ ಡಾಂಗಲ್, ಪ್ಲಾಟರ್ ಕೊಟ್ಟವರಿಗೆ ಅಲ್ಲಿಂದಲೇ ಫೋನ್ ಮಾಡಿ. "ವಿಂಡೋಸ್ 11ಕ್ಕೆ ನಡೀತದ?" ಅಂತ ಕೇಳಿದರೆ ಹೂಂ ಅಂತಾರೆ. "ಆರ್ಮ್64 ಡ್ರೈವರ್ ಅದನ?" ಅಂತಲೇ ಕೇಳಿ.

ಗೆಳೆಯ ಮೂಲೆ ಸೇರಿದ್ದ ಹಳೇ ಡೆಸ್ಕ್‌ಟಾಪನ್ನು ಒರೆಸಿ ಮತ್ತೆ ಮಷಿನ್ನಿಗೆ ಜೋಡಿಸಿದ. ಡಿಸೈನ್ ಹೊಸದರಲ್ಲಿ, ಅಕ್ಷರಗಳನ್ನು ಕರ್ವ್ಸ್ ಮಾಡಿ ಪಿಡಿಎಫ್ ಕಳಿಸಿ, ಪ್ರಿಂಟು ಹಳೆಯದರಲ್ಲಿ. ಬ್ಯಾನರುಗಳು ಹುಣ್ಣಿಮೆಗೆ ಎರಡು ದಿನ ಮೊದಲು ಬಾದಾಮಿ ಮುಟ್ಟಿದವು. ಡ್ರೈವರ್ ಇನ್ನೂ ಬಂದಿಲ್ಲ.